ಡಾಂಟನ್ ಯುದ್ಧನೌಕೆ ಮಾಡೆಲ್ ನೀರಲ್ಲಿ ವಾಲುತ್ತಿದೆ; ಅದೇ ನೆಪದಲ್ಲಿ ಬುವೇ ಬಗ್ಗೆ ಒಂದು ಪ್ರಶ್ನೆ

ಅಮಾನಿಕೆರೆ, ತುಮಕೂರು
ಫ್ರಾನ್ಸಿನ ಡಾಂಟನ್, 1:200 ಅಳತೆ. ಪ್ಲೈವುಡ್ ಚೌಕಟ್ಟು, ಮೇಲೆ ವಾರ್ನಿಷ್ ಹಚ್ಚಿದ ರಟ್ಟು, ಫಿರಂಗಿ ಗೋಪುರಗಳು ಸೀಸದ ಎರಕ. ತೊಟ್ಟಿಗೆ ಬಿಟ್ಟರೆ ಎಡಕ್ಕೆ ವಾಲಿ ನಿಲ್ಲುತ್ತೆ. ನೆಟ್ಟಗೆ ಮಾಡಿದರೆ ಬಲಕ್ಕೆ ವಾಲುತ್ತೆ. ಬಲಗಡೆ ತೂಕ ಇಟ್ಟರೆ ಎಡಕ್ಕೆ ವಾಲೋದು ನಿಲ್ಲುತ್ತಾ? ಒಟ್ಟು ತೂಕ ಎಷ್ಟಿರಬೇಕು? ಇನ್ನೊಂದು: ನಿಜವಾದ ಡಾಂಟನ್ ಮುಳುಗೋಕೆ 45 ನಿಮಿಷ ತಗೊಂಡಿತು, ಫ್ರಾನ್ಸಿನದೇ ಇನ್ನೊಂದು ಯುದ್ಧನೌಕೆ ಬುವೇ ಎರಡೇ ನಿಮಿಷಕ್ಕೆ ಹೋಯ್ತು. ಯಾಕೆ?

ಚಾಂಪಿಯನ್ ರೀಫ್, ಕೆಜಿಎಫ್
ಪಕ್ಕಕ್ಕೆ ತೂಕ ಇಡಲೇಬೇಡಿ. ಎರಡೂ ಕಡೆಗೆ ವಾಲುತ್ತೆ ಅಂದರೆ ತಪ್ಪು ಎಡ-ಬಲದ್ದಲ್ಲ, ತಲೆಭಾರ. ಬಲಕ್ಕೆ ತೂಕ ಇಟ್ಟರೆ ದಬಕ್ಕನೆ ಆ ಕಡೆಗೆ ಬಿದ್ದು ಇನ್ನೂ ಜಾಸ್ತಿ ವಾಲುತ್ತೆ.

ಹಡಗು ಸುಮಾರು 18,750 ಟನ್. ಉದ್ದ 200 ಪಾಲು ಚಿಕ್ಕದಾದರೆ ತೂಕ 80 ಲಕ್ಷ ಪಾಲು ಕಮ್ಮಿ, ಅಂದರೆ 2.34 ಕೆಜಿ. ಅದು ಸಮುದ್ರದ ನೀರಿನ ಲೆಕ್ಕ. ತೊಟ್ಟಿಯ ಸಿಹಿನೀರಲ್ಲಿ ಅದೇ ಗೆರೆಗೆ ಇಳಿಯೋಕೆ 2.29 ಕೆಜಿ ಸಾಕು. ಗೋಪುರ ಎಂಟೂ ಸೀಸದ್ದಾದರೆ ವಾಲದೆ ಇನ್ನೇನು ಮಾಡುತ್ತೆ! ಅವನ್ನು ರಟ್ಟಿನಲ್ಲಿ ಮಾಡಿ, ಸೀಸ ಕರಗಿಸಿ ಚಪ್ಪಟೆ ಪಟ್ಟಿ ಎರಕ ಹೊಯ್ದು ತಳದ ನಡುಗೆರೆಗೆ ಅಂಟಿಸಿ. ಕರಗಿಸೋದು ಬಯಲಲ್ಲಿ, ಅಚ್ಚು ಒಣಗಿರಲಿ. ತೇವ ಇದ್ದರೆ ಸೀಸ ಸಿಡಿಯುತ್ತೆ.

ಪರೀಕ್ಷೆ ಸುಲಭ. ಒಟ್ಟು ತೂಕದಲ್ಲೇ ಸೇರಿದ 50 ಗ್ರಾಂ ತೂಕದ ಕಲ್ಲೊಂದನ್ನು ಡೆಕ್ ಮೇಲೆ ನಡುವಿನಿಂದ 5 ಸೆಂ.ಮೀ. ಪಕ್ಕಕ್ಕೆ ಸರಿಸಿ. ವಾಲೋದು 10 ಡಿಗ್ರಿ ದಾಟಬಾರದು. ದಾಟಿದರೆ ಮೇಲಿಂದ ಇನ್ನಷ್ಟು ತೂಕ ಕೆಳಗಿಳಿಸಿ. ರಟ್ಟು ಸೋರಿ ಒಳಗೆ ನೀರು ನಿಂತಿದೆಯಾ ಅಂತಲೂ ನೋಡಿ. ಅರ್ಧ ಲೋಟ ನೀರು ಅತ್ತಿತ್ತ ಓಡಾಡಿದರೂ ಲೆಕ್ಕವೆಲ್ಲ ಹಾಳು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಬುವೇ ಕಥೆಯೂ ಇದೇ ಲೆಕ್ಕದ್ದು. ಅದು 1890ರ ದಶಕದ ವಿನ್ಯಾಸ, ಪಕ್ಕಗಳು ರಾಗಿ ಬಣವೆ ಥರ: ನೀರಿನ ಮಟ್ಟದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಮೇಲಿನ ತೂಕ ಉಳಿಯುತ್ತೆ, ಪಕ್ಕದ ಫಿರಂಗಿಗಳು ನೇರ ಮುಂದಕ್ಕೂ ಹಿಂದಕ್ಕೂ ಹೊಡೀಬಹುದು ಅಂತ ಹಾಗೆ ಕಟ್ಟಿದ್ದು. ಆದರೆ ವಾಲಿದಾಗ ನೀರು ಹತ್ತೋದು ಆ ಕಿರಿದಾದ ಭಾಗಕ್ಕೆ. ಹಡಗನ್ನು ನೆಟ್ಟಗೆ ತರೋ ಬಲ ನೀರಿನ ಮಟ್ಟದ ಅಗಲದ ಘನದ ಮೇಲೆ ನಿಂತಿರುತ್ತೆ. ಅಗಲ 10% ಕಮ್ಮಿಯಾದರೆ ಆ ಪಾಲು 27% ಹೋಯ್ತು.

1915ರ ಮಾರ್ಚ್ 18, ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ. ನುಸ್ರೆತ್ ಅನ್ನೋ ಟರ್ಕಿಯ ಪುಟ್ಟ ಹಡಗು ಹತ್ತು ದಿನ ಮುಂಚೆ ಎರೆಂಕೋಯ್ ಕೊಲ್ಲಿಯಲ್ಲಿ ದಡಕ್ಕೆ ಸಮಾನಾಂತರವಾಗಿ 26 ಮೈನ್ (ಹಡಗು ತಗುಲಿದರೆ ಸಿಡಿಯೋ ನೀರಡಿಯ ಬಾಂಬು) ಬಿತ್ತಿತ್ತು. ತಿರುಗಿ ವಾಪಸ್ ಬರುವಾಗ ಬುವೇ ಒಂದಕ್ಕೆ ತಗುಲಿ ಮಗುಚಿತು. ಸತ್ತವರು 600ಕ್ಕೂ ಹೆಚ್ಚು. ನೋಡಿದವರು ಮೊದಲು ಗುಂಡು ಬಿದ್ದು ಮದ್ದಿನ ಕೋಣೆ ಸಿಡಿಯಿತು ಅಂದುಕೊಂಡರು. ಅದೇ ಸಾಲಿಗೆ ಸಿಕ್ಕಿದ ಬ್ರಿಟಿಷರ ಇರ್ರೆಸಿಸ್ಟಿಬಲ್, ಓಷನ್ ಗಂಟೆಗಟ್ಟಲೆ ತೇಲಿದವು, ಜನ ಬಹುಪಾಲು ಉಳಿದರು. ಮೈನ್ ಒಂದೇ, ಮೈಕಟ್ಟು ಬೇರೆ.

ಚಾಂಪಿಯನ್ ರೀಫ್, ಕೆಜಿಎಫ್
ಅಣ್ಣಾ, ಎಲ್ಲ ಮೈಕಟ್ಟಿನ ಮೇಲೇ ಹಾಕಬೇಡಿ. ಡಾಂಟನ್‌ಗೆ 1917ರ ಮಾರ್ಚ್ 19ರಂದು ಸಾರ್ಡೀನಿಯಾ ಹತ್ತಿರ ಜರ್ಮನ್ ಜಲಾಂತರ್ಗಾಮಿ ಯು-64 ಹೊಡೆದದ್ದು ಎರಡು ಟಾರ್ಪಿಡೋ, 296 ಜನ ಹೋದರು. 1918ರ ಅಕ್ಟೋಬರಿನಲ್ಲಿ ಅದೇ ವಿನ್ಯಾಸದ ವೋಲ್ಟೇರ್‌ಗೂ ಬಿದ್ದದ್ದು ಎರಡೇ, ಅದು ಉಳಿಯಿತು. ಹೊಡೆತ ಎಲ್ಲಿ ಬಿತ್ತು, ನೀರು ಎಷ್ಟು ಕೋಣೆಗೆ ಹರಡಿತು ಅನ್ನೋದೂ ಅಷ್ಟೇ ಮುಖ್ಯ.

ನನ್ನ ತಕರಾರು ಡಾಂಟನ್ ಫಿರಂಗಿಗಳ ಮೇಲೆ. 305 ಮಿ.ಮೀ. ನಾಲ್ಕು, 240 ಮಿ.ಮೀ. ಹನ್ನೆರಡು. ಎರಡರ ಗುಂಡು ಬಿದ್ದಾಗಲೂ ಏಳೋ ನೀರಿನ ಕಂಬ ದೂರದಿಂದ ಒಂದೇ ಥರ ಕಾಣುತ್ತೆ, ಗುರಿ ತಿದ್ದೋದು ಹೇಗೆ? 305ರ ಹತ್ತು ಫಿರಂಗಿಯ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್ 1906ರಲ್ಲೇ ಬಂದಿತ್ತು. ಡಾಂಟನ್ ವಿನ್ಯಾಸದ ಹಡಗುಗಳು ಸೇವೆಗೆ ಸೇರಿದ್ದು 1911ರಲ್ಲಿ, ಹುಟ್ಟುವಾಗಲೇ ಹಳತು. ಹಾಗಂತ ಉಗಿ ಟರ್ಬೈನ್ ಎಂಜಿನ್ ಹಾಕಿದ ಮೊದಲ ಫ್ರೆಂಚ್ ಯುದ್ಧನೌಕೆಗಳು ಇವೇ ಅನ್ನೋದನ್ನೂ ಹೇಳಬೇಕು.

ಡಾಂಟನ್ ಈಗ ಸುಮಾರು 1,000 ಮೀಟರ್ ಆಳದಲ್ಲಿ ನೆಟ್ಟಗೆ ಕೂತಿದೆ. ನಮ್ಮ ಚಾಂಪಿಯನ್ ರೀಫ್ ಗಣಿಯ ಆಳದ ಮೂರನೇ ಒಂದು ಪಾಲೂ ಇಲ್ಲ ಬಿಡಿ.

ಅಮಾನಿಕೆರೆ, ತುಮಕೂರು
ಗೋಪುರ ರಟ್ಟಿನಲ್ಲೇ ಆಗಲಿ. ಐದು ಹೊಗೆಕೊಳವೆ ಸಮ ಅಂತರದಲ್ಲಿ ಇಡೋದಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ
ಅಲ್ಲ. ಮುಂದೆ ಮೂರು, ಹಿಂದೆ ಎರಡು, ನಡುವೆ ಜಾಗ ಬಿಡಿ. ಟೊಳ್ಳು ಕಾಗದದ ಸುರುಳಿ ಸಾಕು, ಮರದ ತುಂಡು ಹಾಕಿದರೆ ಮತ್ತೆ ತಲೆಭಾರ.