ತೋಟದ ಸಿಲ್ವರ್ ಓಕ್‌ನಲ್ಲಿ ಗಿಟಾರ್: ದಿಮ್ಮಿ ಕೊಯ್ಯಿಸುವ ಮುಂಚೆ ಸಲಹೆ ಬೇಕು

ತಂತಿಮರ:
ಸಕಲೇಶಪುರ ಕಡೆಯ ಕಾಫಿ ತೋಟವೊಂದರಲ್ಲಿ ಹಳೇ ಸಿಲ್ವರ್ ಮರ ಉರುಳಿಸಿದ್ದಾರೆ. ಬುಡದ ದಿಮ್ಮಿ ಸಿಗುತ್ತದೆ: ಸುತ್ತಳತೆ 5 ಅಡಿ, ಉದ್ದ 6 ಅಡಿ. ಓಎಂ (ಆರ್ಕೆಸ್ಟ್ರಾ ಮಾಡೆಲ್) ಅಳತೆಯ ಸ್ಟೀಲ್ ತಂತಿ ಗಿಟಾರಿಗೆ (ಕೆಳಗಿನ ಅಗಲ 15 ಇಂಚು) ಹಿಂಬದಿ ಮತ್ತು ಪಕ್ಕೆ ಇದರಲ್ಲೇ ಮಾಡಬೇಕೆಂದಿದೆ. ಇದು ಆಸ್ಟ್ರೇಲಿಯಾ ಮೂಲದ ಮರ, ಅಲ್ಲಿ ಗಿಟಾರಿಗೆ ಬಳಸುತ್ತಾರೆ ಅನ್ನುವುದು ಗೊತ್ತು. ಆದರೆ ಇಲ್ಲಿ ಯಾವ ಬಡಗಿಯನ್ನು ಕೇಳಿದರೂ "ಸೊಟ್ಟಗಾಗುತ್ತೆ, ಬೇಡ" ಅನ್ನುತ್ತಾರೆ. ಮಿಲ್ಲಿನಲ್ಲಿ ಹೇಗೆ ಕೊಯ್ಯಿಸಬೇಕು? ಎಷ್ಟು ಒಣಗಬೇಕು? ಮೇಲ್ಹಲಗೆ, ಕುತ್ತಿಗೆಗೂ ಇದೇ ಮರ ಆಗುತ್ತದೆಯೇ?

ಮಿಲ್_ಮಲ್ನಾಡ್:
ಸೊಟ್ಟಗಾಗುವುದು ಮರದ ತಪ್ಪಲ್ಲ ಸರ್, ಕೊಯ್ಲಿನದು. ಇಲ್ಲಿ ಎಲ್ಲರೂ ದಿಮ್ಮಿಯನ್ನು ಒಂದು ಕಡೆಯಿಂದ ಸುಮ್ಮನೆ ಹೋಳು ಮಾಡುತ್ತಾರೆ. ಸಿಲ್ವರ್ ಮರ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಿನ ದಿಕ್ಕಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಹಾಗೆ ಹೋಳು ಮಾಡಿದ ಹಲಗೆ ಬಟ್ಟಲಾಗದೆ ಇನ್ನೇನಾದೀತು. ನಿಮಗೆ ಬೇಕಾದದ್ದು ಕ್ವಾರ್ಟರ್ ಕೊಯ್ಲು: ದಿಮ್ಮಿಯನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನಿಂದ ತಿರುಳು–ತೊಗಟೆ ದಿಕ್ಕಿನಲ್ಲಿ ಹಲಗೆ ತೆಗೆಸಿ.

ಆದರೆ ಲೆಕ್ಕ ನೋಡಿ. 5 ಅಡಿ ಸುತ್ತಳತೆ ಎಂದರೆ ವ್ಯಾಸ ಸುಮಾರು 19 ಇಂಚು, ಅರ್ಧಕ್ಕೆ ಒಂಬತ್ತೂವರೆ. ತಿರುಳಿನ ಕಡೆ ಒಂದೂವರೆ, ತೊಗಟೆ ಮತ್ತು ಬಿಳಿ ಭಾಗಕ್ಕೆ ಒಂದೂವರೆ ಹೋದರೆ ಉಳಿಯುವುದು ಆರೂವರೆ ಇಂಚು. ಎರಡು ತುಂಡಿನ ಹಿಂಬದಿಗೆ ತುಂಡಿಗೆ 8 ಇಂಚು ಬೇಕು, ಸಿಗುವುದಿಲ್ಲ. ಮೂರು ತುಂಡು ಮಾಡಿ: ಎರಡು ಬದಿಗೆ ಆರೂಕಾಲು ಇಂಚಿನವು, ನಡುವೆ ಕೆಳಗೆ 3 ಇಂಚಿದ್ದು ಮೇಲಕ್ಕೆ ಕಿರಿದಾಗುವ ಬೆಣೆಯಾಕಾರದ್ದು. ಪಕ್ಕೆಗೆ 5 ಇಂಚು ಅಗಲ ಸಾಕು, ಆ ಚಿಂತೆ ಇಲ್ಲ.

ಉದ್ದದಲ್ಲಿ ಎರಡೂ ತುದಿಯಿಂದ 7 ಇಂಚು ಬಿರುಕಿಗೆ ಬಿಡಿ. ಉಳಿದದ್ದರಲ್ಲಿ ಪಕ್ಕೆಗೆ 34 ಇಂಚು, ಹಿಂಬದಿಗೆ 24 ಇಂಚು. ಪಕ್ಕೆಗೆ ಗಂಟೇ ಇಲ್ಲದ ಭಾಗ ಬೇಕು. ತೋಟದ ಮರಕ್ಕೆ ಮರಗಸಿ ಮಾಡಿ ಮಾಡಿ ಕೊಂಬೆ ಕಡಿದ ಜಾಗದಲ್ಲೆಲ್ಲ ಒಳಗೆ ಗಂಟು, ಅಂಟಿನ ಗೂಡು ಇರುತ್ತದೆ. ಮೇಲೆ ತೊಗಟೆ ಮುಚ್ಚಿಕೊಂಡಿದ್ದರೂ ಅದರ ಉಬ್ಬು ಕಾಣುತ್ತದೆ. ದುಡ್ಡು ಕೊಡುವ ಮುಂಚೆ ದಿಮ್ಮಿ ಉರುಳಿಸಿ ಸುತ್ತ ನೋಡಿ.

ಕಡಿದ ದಿನವೇ ಎರಡೂ ತುದಿಗೆ ಮೇಣ ಅಥವಾ ದಪ್ಪ ಎನಾಮೆಲ್ ಪೇಂಟ್ ಬಳಿಯಬೇಕು. ಒಂದೂಕಾಲು ಇಂಚು ದಪ್ಪಕ್ಕೆ ಕೊಯ್ಯಿಸಿ, ಬೋರಾಕ್ಸ್ ದ್ರಾವಣದಲ್ಲಿ ಅದ್ದಿ (10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್), ನೆರಳಲ್ಲಿ, ಗಾಳಿಯಾಡಲು ಹಲಗೆಗಳ ನಡುವೆ ಪಟ್ಟಿ ಕೊಟ್ಟು ಒಂದು ವರ್ಷ ಪೇರಿಸಿಡಿ. ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ.

ಬ್ರಿಸ್ಬೇನ್_ಕನ್ನಡಿಗ:
ಮೇಲಿನದಕ್ಕೆ ಒಂದು ತಿದ್ದುಪಡಿ. ಕ್ವಾರ್ಟರ್ ಸರಿ, ಆದರೆ ಪಕ್ಕೆಗೆ ಅಪ್ಪಟ 90 ಡಿಗ್ರಿ (ಮರದ ಉಂಗುರಗಳಿಗೆ ಹಲಗೆಯ ಮುಖ ಪೂರ್ತಿ ಲಂಬ) ಬೇಡ. ಈ ಮರದ ಅಂದವೇ ಅದರ ಅಗಲವಾದ ಕಿರಣಗಳು, ತಿರುಳಿನಿಂದ ಹೊರಕ್ಕೆ ಹರಡುವ ಹಾಳೆಯಂಥ ಪದರ. ಅವು ಹಲಗೆಯ ಮುಖಕ್ಕೆ ಸರಿಯಾಗಿ ಸಮವಾದರೆ ದೊಡ್ಡ ದೊಡ್ಡ ಹೊಳೆಯುವ ಚಕ್ಕೆ ಕಾಣುತ್ತದೆ. ಅದೇ ಚಕ್ಕೆ ಪಕ್ಕೆ ಬಗ್ಗಿಸುವಾಗ ಏಳುತ್ತದೆ. 10–15 ಡಿಗ್ರಿ ಓರೆಯಾದರೆ ಚಿತ್ತಾರ ಸಣ್ಣ ಕಸೂತಿಯಂತೆ ಬರುತ್ತದೆ, ಪದರವೂ ಹಿಡಿದುಕೊಂಡಿರುತ್ತದೆ. ಹಿಂಬದಿಗೆ ದೊಡ್ಡ ಚಕ್ಕೆಯವು, ಪಕ್ಕೆಗೆ ಓರೆಯವು ಅಂತ ವಿಂಗಡಿಸಿ.

ಇದರ ತವರು ದಕ್ಷಿಣ ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸ್ ಕರಾವಳಿ ಭಾಗದ ಕಾಡು. ಇಲ್ಲಿ ಸದರ್ನ್ ಸಿಲ್ಕಿ ಓಕ್ ಅನ್ನುತ್ತಾರೆ, ಗ್ರೆವಿಲಿಯಾ ರೋಬಸ್ಟಾ. ನಾರ್ದರ್ನ್ ಸಿಲ್ಕಿ ಓಕ್ ಬೇರೆ ಮರ, ಕಾರ್ಡ್‌ವೆಲ್ಲಿಯಾ ಸಬ್ಲಿಮಿಸ್. ತೂಕ, ಕುಗ್ಗುವಿಕೆಯ ಅಂಕಿ ಓದುವಾಗ ಎರಡನ್ನೂ ಕಲಸಬೇಡಿ. ಮೆಲ್ಬರ್ನಿನ ಗಿಟಾರ್ ಕಂಪನಿ ಕೋಲ್ ಕ್ಲಾರ್ಕ್ ಸದರ್ನ್ ಸಿಲ್ಕಿ ಓಕನ್ನು ಹಿಂಬದಿ–ಪಕ್ಕೆಗೆ ಬಳಸುತ್ತದೆ.

ನಾದದ ಬಗ್ಗೆ: ಒಣಗಿದ ತೂಕ ಘನ ಮೀಟರಿಗೆ ಸುಮಾರು 600 ಕಿಲೋ, ಮಹಾಗನಿಗೆ ಹತ್ತಿರ. ಬೀಟೆ 800 ದಾಟುತ್ತದೆ. ಬೀಟೆಯ ದೀರ್ಘ ಗುಂಗು ಇದರಲ್ಲಿ ಹುಡುಕಬೇಡಿ, ಬೇಗ ಅಡಗುವ, ನಡುಸ್ವರ ತುಂಬಿದ ದನಿ ಇದರದು. ಬೆರಳಲ್ಲಿ ಮೀಟುವವರಿಗೆ ಅದು ಬಹಳ ಚೆನ್ನ. ಮೇಲ್ಹಲಗೆಗೆ ಸ್ಪ್ರೂಸ್ ಹಾಕಿ. ಕುತ್ತಿಗೆಗೆ ಮಹಾಗನಿ, ಬೆರಳುಹಲಗೆಗೆ ಬೀಟೆ. ಸಿಲ್ವರ್ ಅಷ್ಟು ಎಳೆತ ತಾಳುವ ಮರವಲ್ಲ.

ಗೇರು_ಸೀಮೆ:
ಮುಖ್ಯವಾದ ಮಾತು ಬಿಟ್ಟುಹೋಗಿದೆ: ಚರ್ಮ. ಸಿಲ್ವರ್ ಮರದ ರಸ, ಪುಡಿಯಲ್ಲಿರುವ ರೆಸಾರ್ಸಿನಾಲ್ ಜಾತಿಯ ರಾಸಾಯನಿಕಗಳು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವವುಗಳ ಹತ್ತಿರದ ನೆಂಟರು. ಗೇರು ಎಣ್ಣೆಗೆ ಮೈ ಮೇಲೆ ಗುಳ್ಳೆ ಏಳುವವರು ಈ ಮರಕ್ಕೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು. ಹಸಿ ಮರದಲ್ಲಿ ತೊಂದರೆ ಹೆಚ್ಚು, ಆದರೆ ಒಣಪುಡಿ ಬೆವರಿಗೆ ಅಂಟಿದರೂ ಸಾಕು. ತುಂಬುತೋಳಿನ ಅಂಗಿ, ಎನ್95 ಮಾಸ್ಕ್, ಯಂತ್ರಕ್ಕೆ ಪುಡಿ ಎಳೆಯುವ ವ್ಯವಸ್ಥೆ ಇರಲಿ. ಕೆಲಸದ ಬಟ್ಟೆ ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಕೆಂಪಾಗಿ ಕಡಿತ ಶುರುವಾದರೆ ಅಂದೇ ಕೆಲಸ ನಿಲ್ಲಿಸಿ, ಒಮ್ಮೆ ಅಲರ್ಜಿ ಹತ್ತಿದರೆ ಮುಂದಿನ ಸಲ ಇನ್ನೂ ಜೋರಾಗಿರುತ್ತದೆ.

ತಂತಿಮರ:
ಎಲ್ಲರಿಗೂ ಧನ್ಯವಾದ. ಮೂರು ತುಂಡಿನ ಹಿಂಬದಿಯೇ ಸರಿ. ಪಕ್ಕೆಯನ್ನು ಎಷ್ಟು ತೆಳು ಮಾಡಿ ಬಗ್ಗಿಸಬೇಕು?

ಕೀಸುಳಿ:
ಒಣಗಿದ ಹಲಗೆಯಿಂದ ಬ್ಯಾಂಡ್‌ಸಾದಲ್ಲಿ 5 ಮಿಮೀ ಸೀಳುಗಳು ನಾಲ್ಕು ಬರುತ್ತವೆ. ಸೀಳಿದ ತಕ್ಷಣ ಅಂಟಿಸಬೇಡಿ. ಒಳಭಾಗದ ತೇವ ಈಗ ಹೊರಬೀಳುತ್ತದೆ, ಪಟ್ಟಿ ಕೊಟ್ಟು ಭಾರ ಹೇರಿಡಿ. ವಾರಕ್ಕೊಮ್ಮೆ ತೂಕ ಮಾಡಿ, ಇಳಿಯುವುದು ನಿಂತ ಮೇಲೆ ಮುಟ್ಟಿ.

ಹಿಂಬದಿ 2.8 ಮಿಮೀ, ಪಕ್ಕೆ 2.1. ಇದಕ್ಕಿಂತ ತೆಳುವಾದರೆ ಕಿರಣದ ಗುಂಟ ಸೀಳುತ್ತದೆ. ಚಕ್ಕೆ ಇರುವ ಕಡೆ ತೋಪಡ ಹೊಡೆದರೆ ಕಿತ್ತು ಬರುತ್ತದೆ, ಹಾಗಾಗಿ ಕೊನೆಯ ಅರ್ಧ ಮಿಮೀ ಡ್ರಮ್ ಸ್ಯಾಂಡರ್ ಅಥವಾ ಸ್ಕ್ರೇಪರಿನಲ್ಲಿ ಇಳಿಸಿ. ಬಗ್ಗಿಸುವಾಗ ನೆನೆಹಾಕಬೇಡಿ, ಎರಡೂ ಮುಖಕ್ಕೆ ನೀರು ಸಿಂಪಡಿಸಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ತೆಳು ಸ್ಟೀಲ್ ತಗಡಿನ ನಡುವೆ ಇಡಿ. ಶಾಖ 150–160 ಡಿಗ್ರಿ ಸೆಲ್ಸಿಯಸ್. ಮೊದಲು ಸೊಂಟ, ಆಮೇಲೆ ಕೆಳಗಿನ ಸುತ್ತು, ಕೊನೆಗೆ ಮೇಲಿನದು. ಹೊರಮುಖಕ್ಕೆ ತಗಡು ಒತ್ತಿಕೊಂಡಿರಲೇಬೇಕು, ಚಕ್ಕೆ ಏಳದಂತೆ ತಡೆಯುವುದು ಅದೇ. ಎಲ್ಲಾದರೂ ಎದ್ದರೆ ತೆಳು ಸೂಪರ್ ಗ್ಲೂ ಬಿಟ್ಟು ಒತ್ತಿ, ಆದರೆ ಸುತ್ತ ಮೊದಲೇ ಶೆಲಾಕ್ (ಅರಗಿನ ಮೆರುಗು) ಬಳಿದಿರಲಿ, ಇಲ್ಲದಿದ್ದರೆ ಕಲೆ ಉಳಿಯುತ್ತದೆ.

ಹಿಂಬದಿಗೆ ಅಡ್ಡಪಟ್ಟಿ ಅಂಟಿಸುವ ದಿನ ಕೋಣೆಯ ತೇವಾಂಶ 45–50 ಶೇಕಡಾ ಇರಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೀಹ್ಯೂಮಿಡಿಫೈಯರ್ ಇಲ್ಲದೆ ಇದು ಆಗದ ಕೆಲಸ. ಉಬ್ಬಿದ ಹಲಗೆಗೆ ಪಟ್ಟಿ ಹಾಕಿದರೆ ಬೇಸಿಗೆಯಲ್ಲಿ ಅದು ಕುಗ್ಗಲು ನೋಡುತ್ತದೆ, ಪಟ್ಟಿ ಬಿಡುವುದಿಲ್ಲ, ನಡುವೆ ಬಿರುಕು ಬಿಡುತ್ತದೆ. ಡಿಸೆಂಬರ್–ಫೆಬ್ರವರಿಗೆ ಆ ಕೆಲಸ ಇಟ್ಟುಕೊಳ್ಳಿ.