ರೇಂಜ್‌ಫೈಂಡರ್ ಕ್ಯಾಮೆರಾ ಇಂದಿಗೂ ವೃತ್ತಿಪರರ ಆಯ್ಕೆಯೇ?

ಕಾಳಿತೀರ (ಕಾರವಾರ)

ಎಲ್ಲರಿಗೂ ನಮಸ್ಕಾರ. ಹಡಗಿನ ನೌಕರಿಯಲ್ಲಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಲೈಕಾ ಎಂ3 ರೇಂಜ್‌ಫೈಂಡರ್ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸ್ ನನ್ನ ಕೈಸೇರಿವೆ. ಮದುವೆ, ಉಪನಯನಗಳ ಚಿತ್ರ ತೆಗೆದು ಜೀವನ ಸಾಗಿಸುವ ನಾನು ಮೊದಲಿನಿಂದಲೂ ಆಟೊಫೋಕಸ್ ಕ್ಯಾಮೆರಾಗಳನ್ನೇ ಬಳಸಿದವನು. ಕಣ್ಣನ್ನು ತಾನೇ ಗುರುತಿಸಿ ಹಿಡಿಯುವ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲಂತೂ ಫೋಕಸ್ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೇನೆ.

ಕಳೆದ ಕೆಲವು ತಿಂಗಳುಗಳಿಂದ ಬೆಳಗಿನ ಹೊತ್ತು ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವವರ ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಹತ್ತಾರು ಜನ ಒಂದೇ ಹಗ್ಗಕ್ಕೆ ಮೈಯೊಡ್ಡಿ ಎಳೆಯುವ ಕೆಲಸವದು. ನನ್ನ ಚಿತ್ರಗಳಲ್ಲಾದರೋ ಮುಂದಿನವನ ಮುಖ ಮಾತ್ರ ಸ್ಪಷ್ಟವಾಗಿದ್ದು ಹಿಂದಿನವರೆಲ್ಲ ಮಸುಕಾಗಿ ಕರಗಿಹೋಗಿದ್ದಾರೆ, ಹಗ್ಗದ ಆ ತುದಿಯಲ್ಲಿ ಯಾರಿದ್ದಾರೆಂದೇ ತಿಳಿಯುವುದಿಲ್ಲ. ಮಾವನ ಹಳೆಯ ಚಿತ್ರಗಳಲ್ಲಿ ಹೀಗಿಲ್ಲ. ಕೈಯಿಂದ ಫೋಕಸ್ ಮಾಡುವ ಇಂಥ ಕ್ಯಾಮೆರಾವನ್ನು ವೃತ್ತಿಪರರು ಇಂದಿಗೂ ಸ್ವಯಂಚಾಲಿತ ಕ್ಯಾಮೆರಾಗಿಂತ ಮೇಲೆಂದು ಭಾವಿಸುತ್ತಾರೆಯೇ? ಉಳಿದ ಚಿತ್ರಗಳನ್ನು ಎಂ3 ಯಲ್ಲೇ ತೆಗೆಯುವುದು ಸರಿಯೇ?

ಘಟ್ಟದ ಮೇಲಿನವರು (ಶಿರಸಿ)

ನಿಮ್ಮ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ, ಇಲ್ಲ. ಅನ್ನ ಕೊಡುವ ಕೆಲಸಕ್ಕೆ ರೇಂಜ್‌ಫೈಂಡರನ್ನೇ ನೆಚ್ಚಿಕೊಂಡವರು ಇಂದು ಬಹಳ ಕಡಿಮೆ, ಮತ್ತು ಇದು ನಿನ್ನೆ ಮೊನ್ನೆ ಆದ ಬದಲಾವಣೆಯಲ್ಲ. ಎಂ3 ಬಂದದ್ದು 1954ರಲ್ಲಿ. ಐದೇ ವರ್ಷಕ್ಕೆ, 1959ರಲ್ಲಿ, ನಿಕಾನ್ ಎಫ್ ಬಂದು ಲೆನ್ಸಿನ ಮೂಲಕವೇ ನೋಡುವ ಸೌಲಭ್ಯವನ್ನು ಪತ್ರಿಕಾ ಛಾಯಾಗ್ರಾಹಕರ ಕೈಗೆ ಕೊಟ್ಟಿತು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಅನೇಕರು ಹತ್ತಿರದ ದೃಶ್ಯಕ್ಕೆ ಲೈಕಾವನ್ನೂ ದೂರದ ದೃಶ್ಯಕ್ಕೆ ನಿಕಾನನ್ನೂ ಒಟ್ಟಿಗೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದರು. 1985ರ ಮಿನೋಲ್ಟಾ 7000 ದಿಂದ ಆಟೊಫೋಕಸ್ ಕೂಡ ಬಲವಾಗಿ ಬೇರೂರಿತು.

ಇದಕ್ಕೆ ಕಾರಣ ಯಂತ್ರದೊಳಗೇ ಇದೆ. ರೇಂಜ್‌ಫೈಂಡರಿನಲ್ಲಿ ಎರಡು ಕಿಟಕಿಗಳಿಂದ ಬಂದ ಎರಡು ಬಿಂಬಗಳು ಲೆನ್ಸಿನ ಉಂಗುರವನ್ನು ತಿರುಗಿಸಿದಂತೆ ಸರಿದು ಒಂದರ ಮೇಲೊಂದು ಕೂಡುತ್ತವೆ, ಕೂಡಿದಾಗ ಫೋಕಸ್ ಆಯಿತೆಂದು ಅರ್ಥ. ಕಿಟಕಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ನಿಖರವಾಗುತ್ತದೆ, ಆದರೆ ಅಂಗೈಯಗಲದ ಕ್ಯಾಮೆರಾದಲ್ಲಿ ಆ ಅಂತರ ಎಷ್ಟೆಂದು ಇದ್ದೀತು? ಎಂ3 ಯಲ್ಲಿ ಅದು ಸುಮಾರು 69 ಮಿ.ಮೀ. ಆದ್ದರಿಂದಲೇ ಅದರ ವ್ಯೂಫೈಂಡರಿನಲ್ಲಿ ಚಿತ್ರದ ಎಲ್ಲೆಯನ್ನು ತೋರುವ ಚೌಕಟ್ಟುಗಳು 50, 90 ಮತ್ತು 135 ಮಿ.ಮೀ. ಲೆನ್ಸುಗಳಿಗೆ ನಿಲ್ಲುತ್ತವೆ. ಇನ್ನೂ ಉದ್ದದ ಲೆನ್ಸು ಬೇಕಾಗುವ ದಾಂಡೇಲಿಯ ಮಂಗಟ್ಟೆ ಹಕ್ಕಿಯನ್ನು ಇದರಲ್ಲಿ ಹಿಡಿಯುವ ಮಾತೇ ಇಲ್ಲ.

ಇಷ್ಟಾದರೂ ನಾನು ನನ್ನ ಲೈಕಾ ಎಂ6 ರೇಂಜ್‌ಫೈಂಡರನ್ನು ಮಾರಿಲ್ಲ. ಇದರ ವ್ಯೂಫೈಂಡರಿನಲ್ಲಿ ಚೌಕಟ್ಟಿನ ಗೆರೆಗಳ ಆಚೆಗೂ ದೃಶ್ಯ ಕಾಣುತ್ತದೆ, ಇನ್ನೊಂದು ಕ್ಷಣದಲ್ಲಿ ಚಿತ್ರದೊಳಗೆ ಬರಲಿರುವ ಮನುಷ್ಯ ಮೊದಲೇ ಕಣ್ಣಿಗೆ ಬೀಳುತ್ತಾನೆ. ಮಾರಿಕಾಂಬಾ ಜಾತ್ರೆಯ ಹಗಲಿನ ನೂಕುನುಗ್ಗಲಿನಲ್ಲಿ ಇದರಷ್ಟು ನೆರವಿಗೆ ಬಂದ ಸಾಧನ ನನಗೆ ಬೇರೊಂದಿಲ್ಲ. ಅದೇ ಕ್ಯಾಮೆರಾವನ್ನು ಒಂದು ಹೋಳಿಯ ರಾತ್ರಿ ಬೇಡರ ವೇಷಕ್ಕೆ ಒಯ್ದಾಗ, ಕುಣಿಯುತ್ತ ಮೇಲೆರಗಿ ಬರುವ ವೇಷಧಾರಿಯ ಹಿಂದೆ ನನ್ನ ಬೆರಳು ಓಡಲಾರದೆ 36 ಚಿತ್ರಗಳಲ್ಲಿ ಮೂರು ಮಾತ್ರ ಉಳಿದವು. ಮುಂದಿನ ಸಲದಿಂದ ಆ ಕೆಲಸವನ್ನು ಆಟೊಫೋಕಸ್‌ಗೆ ಬಿಟ್ಟಿದ್ದೇನೆ.

ಇನ್ನು ನಿಮ್ಮ ಚಿತ್ರಗಳ ಕೊರತೆ. ಅದು ಕ್ಯಾಮೆರಾದ ದೋಷವಲ್ಲ, ನೀವು ಮದುವೆಯ ಅಭ್ಯಾಸದಂತೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು, ಪೂರ್ತಿ ತೆರೆದಿಟ್ಟಿರಬೇಕೆಂದು ನನ್ನ ಊಹೆ. 50 ಮಿ.ಮೀ. ಲೆನ್ಸಿನ ಅಪರ್ಚರನ್ನು ಎಫ್/11 ಕ್ಕೆ ಕಿರಿದಾಗಿಸಿ ಫೋಕಸನ್ನು 5 ಮೀಟರಿಗೆ ನಿಲ್ಲಿಸಿದರೆ ಸುಮಾರು 3 ರಿಂದ 14 ಮೀಟರಿನವರೆಗೆ ನಿಂತವರೆಲ್ಲ ಸ್ಪಷ್ಟವಾಗಿ ಬರುತ್ತಾರೆ. ಹಳೆಯ ಲೆನ್ಸಿನ ಮೇಲೆ ಈ ಲೆಕ್ಕವನ್ನು ಕೆತ್ತಿಯೇ ಇಟ್ಟಿರುತ್ತಾರೆ, ನಿಮ್ಮ ಮಾವ ಅದನ್ನು ಓದುತ್ತಿದ್ದರು. ಮಿರರ್‌ಲೆಸ್‌ನಲ್ಲಿ ಆಟೊಫೋಕಸ್ ಆರಿಸಿಟ್ಟರೂ ಇದೇ ಫಲ ಸಿಗುತ್ತದೆ, ಒಮ್ಮೆ ಮಾಡಿ ನೋಡಿ.

ಬಂದರು ರಸ್ತೆ (ಕುಮಟಾ)

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ರೇಂಜ್‌ಫೈಂಡರಿನ ಕಾಲ ಮುಗಿಯಿತೆಂದು ಯಾರೂ ತಿಳಿಯಬಾರದು. 60 ಮೆಗಾಪಿಕ್ಸೆಲ್‌ನ ಎಂ11 ಹೊರಬಂದ 2022ರಲ್ಲೇ ಲೈಕಾ ತನ್ನ 1984ರ ಎಂ6 ಫಿಲ್ಮ್ ಕ್ಯಾಮೆರಾವನ್ನೂ ಮತ್ತೆ ತಯಾರಿಸತೊಡಗಿತು, ಎರಡಕ್ಕೂ ಆಟೊಫೋಕಸ್ ಇಲ್ಲ. ದೊಡ್ಡ ಲೆನ್ಸ್ ಎತ್ತಿದೊಡನೆ ಮುಖ ಬಿಗಿದುಕೊಳ್ಳುವ ನಮ್ಮೂರಿನ ಹಿರಿಯ ಮೀನುಗಾರ್ತಿಯರು ಈ ಪುಟ್ಟ ಕ್ಯಾಮೆರಾದ ಎದುರು ಮಾತು ಮುಂದುವರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸದ್ದಿಲ್ಲದ ಶಟರ್ ಎಂಬ ಹಿಂದಿನ ಹೆಗ್ಗಳಿಕೆ ಮಾತ್ರ ಈಗ ನಿಲ್ಲುವುದಿಲ್ಲ, ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ಶಟರ್ ಅದಕ್ಕಿಂತಲೂ ಮೌನಿ.

ಕಡಲತೀರಕ್ಕೆ ಒಯ್ಯುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಂ3 ಯ ಶಟರ್ ಪರದೆ ಬಟ್ಟೆಯದು, ಅದರ ಮುಂದೆ ಎಸ್‌ಎಲ್‌ಆರ್‌ನಂತೆ (ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಕನ್ನಡಿಯ ಮರೆ ಇರುವುದಿಲ್ಲ. ಮುಚ್ಚಳವಿಲ್ಲದ ಲೆನ್ಸು ಸೂರ್ಯನಿಗೆ ಮುಖಮಾಡಿ ಕುಳಿತರೆ ಭೂತಗನ್ನಡಿಯಂತೆ ಪರದೆಯಲ್ಲಿ ತೂತು ಸುಡುತ್ತದೆ. ಕ್ಯಾಮೆರಾವನ್ನು ದೋಣಿಯ ಅಂಚಿನಲ್ಲಿಟ್ಟು ಚಹಾ ಕುಡಿಯಲು ಹೋಗಿ ನಾನು ಆ ನಷ್ಟ ಅನುಭವಿಸಿದ್ದೇನೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ, ಚರ್ಮದ ಚೀಲದಲ್ಲಿ ಖಂಡಿತ ಬೇಡ.

ಕಾಳಿತೀರ (ಕಾರವಾರ)

ಇಬ್ಬರಿಗೂ ಕೃತಜ್ಞತೆಗಳು. ಅಪರ್ಚರ್ ಬಗೆಗಿನ ಊಹೆ ನಿಜ, ಎಲ್ಲ ಚಿತ್ರಗಳೂ ಎಫ್/1.8 ರಲ್ಲಿವೆ. ಇಂದು ಬೆಳಿಗ್ಗೆ ಎಂ3 ಯಲ್ಲಿ ಕಣ್ಣಿಟ್ಟು ಅಭ್ಯಾಸ ಮಾಡುವಾಗ ಬಲೆಯ ಮೇಲೆ ಫೋಕಸ್ ಮಾಡಲು ನೋಡಿದೆ. ಬಿಂಬಗಳು ಕೂಡಿದಂತೆ ಕಂಡರೂ ಉಂಗುರದ ಮೇಲಿನ ದೂರ ಪ್ರತಿ ಸಲವೂ ಬೇರೆ ಬೇರೆ ಬರುತ್ತಿತ್ತು. ಕ್ಯಾಮೆರಾ ಕೆಟ್ಟಿರಬಹುದೇ?

ಘಟ್ಟದ ಮೇಲಿನವರು (ಶಿರಸಿ)

ಕೆಟ್ಟಿರಲಾರದು. ಬಲೆಯ ಕಣ್ಣುಗಳೆಲ್ಲ ಒಂದೇ ತೆರನಾಗಿರುವುದರಿಂದ ಒಂದು ಬಿಂಬದ ಕಣ್ಣು ಇನ್ನೊಂದು ಬಿಂಬದ ಪಕ್ಕದ ಕಣ್ಣಿನ ಮೇಲೆ ಕುಳಿತರೂ ನಮಗೆ ಕೂಡಿದಂತೆಯೇ ತೋರುತ್ತದೆ. ಕಿಟಕಿಯ ಸರಳು, ಹೆಂಚಿನ ಸಾಲುಗಳಲ್ಲೂ ಇದೇ ತೊಡಕು. ಬಿಂಬ ಅಡ್ಡಡ್ಡಲಾಗಿ ಸರಿಯುವುದರಿಂದ ನೇರವಾಗಿ ನಿಂತ ಒಂದೇ ಗೆರೆಯನ್ನು ಆರಿಸಿಕೊಳ್ಳಿ: ಎಳೆಯುವವನ ತೋಳಿನ ಅಂಚು, ನೆಟ್ಟ ಹುಟ್ಟು, ಅಂಗಿಯ ಗುಂಡಿಪಟ್ಟಿ. ಸಮುದ್ರದ ದಿಗಂತರೇಖೆ ಅಡ್ಡವಾಗಿರುವುದರಿಂದ ಪ್ರಯೋಜನಕ್ಕೆ ಬರುವುದಿಲ್ಲ, ಅದರಿಂದಲೇ ಪರೀಕ್ಷಿಸಬೇಕೆಂದರೆ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ ಹಿಡಿಯಿರಿ. ಉಂಗುರ ಅನಂತಕ್ಕೆ ಬಂದು ನಿಂತಾಗ ಎರಡು ದಿಗಂತಗಳೂ ಒಂದಾದರೆ ನಿಮ್ಮ ಮಾವನ ಕ್ಯಾಮೆರಾದ ರೇಂಜ್‌ಫೈಂಡರ್ ದೂರಕ್ಕೆ ಸರಿಯಾಗಿದೆ. ಹತ್ತಿರದ ಅಳತೆಗೆ, ಬಾಗಿಲ ಚೌಕಟ್ಟಿನಿಂದ ಟೇಪು ಹಿಡಿದು ಸರಿಯಾಗಿ 2 ಮೀಟರಿಗೆ ನಿಂತು ನೋಡಿ.