ಪಿಸಿ ಗೇಮಿಂಗ್ ಇನ್ನೊಂದು ಹತ್ತು ವರ್ಷ ಗಟ್ಟಿಯಾಗಿ ಇರತ್ತಾ, ಇಲ್ಲಾ ಈಗಲೇ ಕನ್ಸೋಲ್‌ಗೆ ಹೋಗೋದು ಒಳ್ಳೇದಾ?

ದಾವಣಗೆರೆ_ಗೇಮರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 2018ರ ಕೊನೆಗೆ ಕಟ್ಟಿಸಿದ ಪಿಸಿ ಇದೆ, ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡು, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು. ಇಷ್ಟು ವರ್ಷ ಎಲ್ಲಾ ಗೇಮೂ ಅದರಲ್ಲೇ ಆಡ್ಕೊಂಡು ಬಂದಿದೀನಿ. ಈಗ ಏನಾಗಿದೆ ಅಂದ್ರೆ ಇಂಡಿಯಾನಾ ಜೋನ್ಸ್, ಹೊಸ ಡೂಮ್ ಇವೆಲ್ಲ ರೇ ಟ್ರೇಸಿಂಗ್ (ಬೆಳಕು ನೆರಳನ್ನ ನಿಜದಂಗೆ ಲೆಕ್ಕ ಹಾಕಿ ತೋರಿಸೋ ತಂತ್ರ) ಇಲ್ಲದ ಕಾರ್ಡಲ್ಲಿ ಶುರುವೇ ಆಗಲ್ಲ, ಎನ್‌ವಿಡಿಯಾದವರು ಕೂಡ 2025ರ ಅಕ್ಟೋಬರ್ ಆದ್ಮೇಲೆ ಈ ಕಾರ್ಡುಗಳಿಗೆ ಹೊಸ ಗೇಮ್ ಡ್ರೈವರ್ ಇಲ್ಲ, ಬರೀ ಸೆಕ್ಯುರಿಟಿ ಅಪ್‌ಡೇಟ್ ಅಂತ ಹೇಳಿಬಿಟ್ರು. ಸರಿ ಹೊಸದೇ ಕಟ್ಟಿಸೋಣ ಅಂತ ವಿಚಾರಿಸಿದ್ರೆ ರ‍್ಯಾಮ್ ರೇಟು ಕೇಳೋ ಹಂಗೇ ಇಲ್ಲ.

ನನ್ನ ಚಿಕ್ಕಪ್ಪನ ಮಗ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಹಾಕಿ ಆಡೋ ಕನ್ಸೋಲ್) ಇಟ್ಕೊಂಡಿದಾನೆ, ಅವನು ಹೇಳೋದು ಪಿಸಿ ಗೇಮಿಂಗ್ ಕಥೆ ಮುಗೀತು, ದುಡ್ಡಿರೋರ ಹವ್ಯಾಸ ಆಗೋಯ್ತು, ದೊಡ್ಡ ಕಂಪನಿಗಳಿಗೂ ಪಿಸಿ ಬೇಡ, ಬೇಕಾದ್ರೆ ನೋಡು ಜಿಟಿಎ 6 ಕೂಡ ಪಿಸಿಗೆ ಇಲ್ಲ ಅಂತ. ನಾನು ಕೇಳ್ತಿರೋದು ಬರೀ ಯಾವುದು ತಗೊಳ್ಳಲಿ ಅಂತಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದ್ರೆ ಇನ್ನು ಹತ್ತು ವರ್ಷಕ್ಕೆ ಯಾವುದು ಉಳಿಯತ್ತೆ? 60 ಸಾವಿರ ಹಾಕಿ ಆಮೇಲೆ ಪೇಚಾಡೋಕೆ ಇಷ್ಟ ಇಲ್ಲ. ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.

ಲ್ಯಾನ್_ಮೈಸೂರು:

ಗುರು, ಪಿಸಿ ಗೇಮಿಂಗ್ ಸತ್ತೋಯ್ತು ಅನ್ನೋ ಮಾತು ನಾನು ಪಿಯುಸಿ ಓದೋ ಕಾಲದಿಂದ ಕೇಳ್ತಾನೇ ಇದೀನಿ. ಆಗ ಪೈರಸಿ ಕಾರಣ ಕೊಡೋರು, ಯಾರೂ ದುಡ್ಡು ಕೊಟ್ಟು ತಗೊಳಲ್ಲ ಹಾಗಾಗಿ ಕಂಪನಿಗಳು ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಕಡೆ ಹೋಗ್ತಿವೆ ಅಂತ. ಆಗ ಅದು ಅರ್ಧ ನಿಜಾನೂ ಹೌದು, ಅಮೆರಿಕದ ಅಂಗಡಿಗಳಲ್ಲೇ ಪಿಸಿ ಗೇಮ್ ಡಬ್ಬಿಗಳು ಮೂಲೆ ಸೇರಿದ್ವು. ಅದನ್ನ ತಿರುಗಿಸಿದ್ದು ಸ್ಟೀಮ್, ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ. 2003ರಲ್ಲಿ ಬಂತು, ಮುಂದಿನ ವರ್ಷ ಹಾಫ್ ಲೈಫ್ 2 ಆಡಬೇಕು ಅಂದ್ರೆ ಸ್ಟೀಮ್ ಹಾಕ್ಲೇಬೇಕು ಅಂತ ಮಾಡಿದಾಗ ಜನ ವಾಲ್ವ್‌ನ ಬೈದಿದ್ದೇ ಬೈದಿದ್ದು. ಆದ್ರೆ ಕಳ್ಳ ಸಿಡಿಗಿಂತ ಅಸಲಿ ತಗೊಳ್ಳೋದೇ ಸುಲಭ ಅನ್ನೋ ಹಂಗೆ ಮಾಡಿದ್ದು ಅವರೇ. ನಮಗೆ 2015ರ ನವೆಂಬರ್‌ನಿಂದ ರೂಪಾಯಲ್ಲೇ ರೇಟು ಬಂತು, ಅದೇ ವರ್ಷ ಎರಡು ಗಂಟೆ ಒಳಗೆ ಆಡಿದ್ರೆ, ತಗೊಂಡು ಹದಿನಾಲ್ಕು ದಿನ ಆಗಿಲ್ಲ ಅಂದ್ರೆ ದುಡ್ಡು ವಾಪಸ್ ಅನ್ನೋ ನಿಯಮಾನೂ ಬಂತು. ನಾನು ಕಂಡಂಗೆ ನನ್ನ ಗೆಳೆಯರ ಬಳಗದಲ್ಲಿ ಟೊರೆಂಟ್ ಬಿಟ್ಟು ದುಡ್ಡು ಕೊಟ್ಟು ತಗೊಳ್ಳೋಕೆ ಶುರು ಮಾಡಿದ್ದು ಆವಾಗಿಂದಲೇ.

2025ರ ಮಾರ್ಚ್‌ನಲ್ಲಿ ಒಂದೇ ಹೊತ್ತಿಗೆ 4 ಕೋಟಿ ಜನ ಸ್ಟೀಮ್‌ನಲ್ಲಿ ಲಾಗಿನ್ ಆಗಿದ್ರು. ಸಾಯೋ ವ್ಯಾಪಾರದ ಲಕ್ಷಣನಾ ಇದು?

ಏಷ್ಯಾ ಕಡೆ ನೋಡಿದ್ರಂತೂ ಪಿಸಿನೇ ಬುಡ. ಕೊರಿಯಾದಲ್ಲಿ 1997ರ ಆರ್ಥಿಕ ಕುಸಿತ ಆದ್ಮೇಲೆ ಪಿಸಿ ಬ್ಯಾಂಗ್ ಅಂತ ಗಂಟೆ ಲೆಕ್ಕದಲ್ಲಿ ಆಡೋ ಕಂಪ್ಯೂಟರ್ ಸೆಂಟರ್‌ಗಳು ಗಲ್ಲಿ ಗಲ್ಲಿಗೆ ಎದ್ವು, 1998ರ ಸ್ಟಾರ್‌ಕ್ರಾಫ್ಟ್ ಅಲ್ಲಿ ಟಿವಿ ಆಟನೇ ಆಗೋಯ್ತು. ಚೀನಾದಲ್ಲಿ 2000ದಿಂದ 2014ರ ತನಕ ಕನ್ಸೋಲ್ ಮಾರೋದಕ್ಕೇ ನಿಷೇಧ ಇತ್ತು, ಒಂದು ಇಡೀ ಪೀಳಿಗೆ ಪಿಸಿಯಲ್ಲೇ ಬೆಳೀತು. 2024ರಲ್ಲಿ ಬ್ಲ್ಯಾಕ್ ಮಿಥ್ ವುಕಾಂಗ್ ಬಂದಾಗ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 20 ಲಕ್ಷಕ್ಕೂ ಜಾಸ್ತಿ ಜನ ಆಡಿದ್ದು ಸುಮ್ಮನೆ ಅಲ್ಲ. ನಮ್ಮಲ್ಲೂ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕೌಂಟರ್ ಸ್ಟ್ರೈಕ್ 1.6ರಲ್ಲಿ ಡಸ್ಟ್ 2 ಮ್ಯಾಪ್ ಆಡಿದೋರು ಎಷ್ಟು ಜನ ಇಲ್ಲ.

ನನಗೆ ಮುಖ್ಯ ಅನ್ಸೋದು ಇದು: ಪಿಸಿಗೆ ಮಾಲೀಕ ಅಂತ ಒಬ್ಬ ಇಲ್ಲ. ಊರ ಕೆರೆ ಇದ್ದಂಗೆ, ಯಾರೋ ಒಬ್ಬರು ಬಂದು ಬೀಗ ಹಾಕಿ ಹೋಗೋಕಾಗಲ್ಲ. ಸೆಗಾ 2001ರಲ್ಲಿ ಡ್ರೀಮ್‌ಕಾಸ್ಟ್ ಸಾಕು ಅಂತು, ಅಲ್ಲಿಗೆ ಅವರ ಕನ್ಸೋಲ್ ಕಥೆನೇ ಮುಗೀತು. ನಿಂಟೆಂಡೊ 2023ರ ಮಾರ್ಚ್‌ನಲ್ಲಿ 3ಡಿಎಸ್, ವೀ ಯು ಎರಡರ ಆನ್‌ಲೈನ್ ಅಂಗಡೀನೂ ಮುಚ್ತು, ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ದು ಮುಚ್ತು. ಆ ಕಡೆ ಏಜ್ ಆಫ್ ಎಂಪೈರ್ಸ್ 2 ನೋಡಿ, 1999ರ ಗೇಮು, 2019ರಲ್ಲಿ ಹೊಸ ರೂಪ ಬಂತು, 2022ರಲ್ಲಿ ನಮ್ಮ ಇಂಡಿಯಾದ ಮೇಲೇ ಒಂದು ಎಕ್ಸ್‌ಪ್ಯಾನ್ಷನ್ ಬಂತು. ಅದರಲ್ಲಿ ದ್ರಾವಿಡರು ಅಂತ ಒಂದು ಬಣ ಇದೆ, ಅವರ ಕ್ಯಾಂಪೇನ್ ರಾಜೇಂದ್ರ ಚೋಳಂದು, ಉರುಮಿ (ಬಳುಕೋ ಉದ್ದ ಕತ್ತಿ) ಹಿಡಿದ ಸೈನಿಕರು ಮೊದಲ ಏಟನ್ನ ಜೋರಾಗಿ ಬೀಸ್ತಾರೆ, ಪಕ್ಕದಲ್ಲಿ ನಿಂತಿರೋ ಶತ್ರುಗಳಿಗೂ ಪೆಟ್ಟು ಬೀಳತ್ತೆ. ಇಪ್ಪತ್ಮೂರು ವರ್ಷ ಹಳೇ ಗೇಮಿಗೆ ಹೊಸದಾಗಿ ದುಡ್ಡು ಹಾಕಿ ಇಷ್ಟು ಮಾಡ್ತಾರೆ ಅಂದ್ರೆ ಕೊಳ್ಳೋರು ಇದಾರೆ ಅಂತ ತಾನೇ. ಇನ್ನು ಮಾಡ್ಸ್, ಅಂದ್ರೆ ಆಡೋರೇ ಗೇಮನ್ನ ತಿದ್ದಿ ಮಾಡೋ ಹೊಸ ರೂಪಗಳ ವಿಷಯಕ್ಕೆ ಬಂದ್ರೆ, ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹಾಫ್ ಲೈಫ್‌ನ ಮಾಡ್ ಆಗಿ, ಡೋಟಾ ಹುಟ್ಟಿದ್ದು ವಾರ್‌ಕ್ರಾಫ್ಟ್ 3ರ ಮ್ಯಾಪಲ್ಲಿ. ಇದೆಲ್ಲ ಬಾಗಿಲು ತೆರೆದಿರೋ ಜಾಗದಲ್ಲಿ ಮಾತ್ರ ಆಗೋದು.

ಧಾರವಾಡ_ಡ್ಯುಯಲ್‌ಸೆನ್ಸ್:

ಎಲ್ಲಾ ಖರೆ ಅದ ಅಣ್ಣಾ, ಆದ್ರ ನೀವು ಕನ್ಸೋಲ್ ಕಡೆ ಇರೂ ಗಟ್ಟಿತನ ಹೇಳಲೇ ಇಲ್ಲ. ಪಿಎಸ್4 ಹನ್ನೊಂದುವರೆ ಕೋಟಿ ಮ್ಯಾಲೆ ಮಾರೇತಿ, ಪಿಎಸ್5 ಎಂಟು ಕೋಟಿ ದಾಟೇತಿ, ನಿಂಟೆಂಡೊ ಸ್ವಿಚ್ ಹದಿನೈದು ಕೋಟಿ ದಾಟೇತಿ. ಇವು ಮುಳುಗೂ ವ್ಯಾಪಾರದ ಲೆಕ್ಕ ಏನ್ರಿ? ನಾ 2021ರ ಫೆಬ್ರುವರಿಯೊಳಗ ಪಿಎಸ್5 ಇಂಡಿಯಾಕ್ಕ ಬಂದಾಗ 49,990ಕ್ಕ ತಗೊಂಡೆ. ಇವತ್ತಿಗೂ ಯಾವ ಹೊಸಾ ಗೇಮ್ ಬಂದ್ರೂ ಸೆಟ್ಟಿಂಗ್ ನೋಡಂಗಿಲ್ಲ, ಡ್ರೈವರ್ ಹಾಕಂಗಿಲ್ಲ, ಡಿಸ್ಕ್ ತೂರಿಸಿ ಕುಂತ್ರ ಮುಗೀತು. ಅದ ರೊಕ್ಕದಾಗ ಆವಾಗ ಪಿಸಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಸೈತ ಸಿಗ್ತಿರಲಿಲ್ಲ, ಎಲ್ಲಾ ಕ್ರಿಪ್ಟೋ ಮೈನಿಂಗ್ ಮಂದಿ ಒಯ್ದು ಇಟ್ಕೊಂಡಿದ್ರು.

ಇನ್ನ ಡಿಸ್ಕ್ ಲೆಕ್ಕ. ನಾ ಒಂದು ಗೇಮ್ ಮುಗಿಸಿದ ಮ್ಯಾಲೆ ಅದನ್ನ ಮಾರಿ, ಮ್ಯಾಲೊಂದಿಷ್ಟು ರೊಕ್ಕ ಹಾಕಿ ಇನ್ನೊಂದು ತಗೋತೇನಿ. ಹುಬ್ಬಳ್ಳಿ ಗೆಳ್ಯಾರ ಜೋಡಿ ಅದಲು ಬದಲು ಮಾಡ್ಕೋತೇವಿ. ಸ್ಟೀಮ್ ಗೇಮ್ ಹಂಗ ಮಾರಾಕ ಬರ್ತದ ಏನು? ಮನ್ಯಾಗ ಹಾಲ್‌ನ್ಯಾಗ ಟಿವಿಗೆ ಹಚ್ಚಿ ತಮ್ಮ, ತಂಗಿ ಎಲ್ಲಾರೂ ಕೂಡಿ ಆಡೂ ಮಜಾನ ಬ್ಯಾರೆ. ಮತ್ತ ಜಿಟಿಎ 6, 2026ರ ನವೆಂಬರ್ 19 ಅಂತ ಹೇಳ್ಯಾರ, ಬರೂದು ಪಿಎಸ್5 ಮತ್ತ ಎಕ್ಸ್‌ಬಾಕ್ಸ್‌ಗೆ ಅಷ್ಟ, ಪಿಸಿಗೆ ತಾರೀಖನ್ನ ಹೇಳಿಲ್ಲ. ಜಿಟಿಎ ಮಾಡೂ ರಾಕ್‌ಸ್ಟಾರ್‌ನಂಥಾ ಕಂಪನಿ ಮೊದಲು ಎಲ್ಲಿ ಬಿಡ್ತದೋ ಅಲ್ಲೆ ಮೊದಲನೇ ರೊಕ್ಕ ಅದ ಅಂತನ ಅರ್ಥ.

ಪಾಲಿಗಾನ್_ಬೆಂಗಳೂರು:

ನಾನು ಬೆಂಗಳೂರಲ್ಲಿ ಒಂದು ಗೇಮ್ ಆರ್ಟ್ ಸ್ಟುಡಿಯೋದಲ್ಲಿ ಕೆಲಸ ಮಾಡೋದು, ಹಾಗಾಗಿ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅನ್ನೋದನ್ನ ಸ್ವಲ್ಪ ಹೇಳ್ತೀನಿ. (1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಕಾಲದಿಂದ ಈ ಊರಲ್ಲಿ ಹೊರದೇಶದ ದೊಡ್ಡ ಗೇಮುಗಳ ಕಾರು, ಕಟ್ಟಡ, ಗಿಡಮರ ಮಾಡ್ತಾನೇ ಇದಾರೆ, ಆ ಧ್ರುವನ 2019ರಲ್ಲಿ ರಾಕ್‌ಸ್ಟಾರ್‌ನೋರೇ ತಗೊಂಡ್ರು.)

ಧಾರವಾಡದೋರು ಹೇಳಿದ ಜಿಟಿಎ ಉದಾಹರಣೆ ಸರಿನೇ, ಆದ್ರೆ ಅದನ್ನ ಪೂರ್ತಿ ನೋಡಿ. ಜಿಟಿಎ 5 ಕನ್ಸೋಲ್‌ಗೆ ಬಂದಿದ್ದು 2013ರ ಸೆಪ್ಟೆಂಬರ್, ಪಿಸಿಗೆ 2015ರ ಏಪ್ರಿಲ್. ಅದೇ ಗೇಮನ್ನ ಎರಡನೇ ಸಲ ಮಾರೋ ಲೆಕ್ಕಾಚಾರ ಅದು, ಪಿಸಿ ಬೇಡ ಅಂತಲ್ಲ. ಒಟ್ಟು 20 ಕೋಟಿಗೂ ಜಾಸ್ತಿ ಕಾಪಿ ಹೋಗಿದೆ ಅಂದ್ರೆ ಅದರಲ್ಲಿ ಪಿಸಿ ಪಾಲೂ ಇದೆ.

ಹತ್ತು ವರ್ಷದಲ್ಲಿ ನಿಜವಾಗ್ಲೂ ಬದಲಾಗಿರೋದು ಗೇಮ್ ಮಾಡೋ ಖರ್ಚು. 2023ರಲ್ಲಿ ಮೈಕ್ರೋಸಾಫ್ಟ್ ಮೇಲಿನ ಕೇಸಲ್ಲಿ ಸೋನಿಯ ಕಾಗದಗಳು ಸರಿಯಾಗಿ ಮರೆಮಾಚದೆ ಹೊರಗೆ ಬಿದ್ವು, ಲಾಸ್ಟ್ ಆಫ್ ಅಸ್ ಪಾರ್ಟ್ 2ಕ್ಕೆ ಹತ್ತಿರ ಹತ್ತಿರ 22 ಕೋಟಿ ಡಾಲರ್ ಆಗಿತ್ತು ಅಂತ ಗೊತ್ತಾಯ್ತು, ಮಾರ್ಕೆಟಿಂಗ್ ಬಿಟ್ಟು. ಒಂದು ಕಲ್ಲಿನ ಗೋಡೆಗೆ, ಕಾರಿನ ಒಳಗಿನ ಹೊಲಿಗೆಗೆ ವಾರಗಟ್ಟಲೆ ಕೂತು ಟೆಕ್ಸ್ಚರ್ ಮಾಡ್ತೀವಲ್ಲ, ಅದಕ್ಕೆಲ್ಲ ಸಂಬಳ ಆಗಬೇಕು. ಒಂದೇ ಡಬ್ಬಿಗೆ ಮಾರಿ ಅದು ಹುಟ್ಟೋದು ಕಷ್ಟ. ಅದಕ್ಕೇ ಪ್ಲೇಸ್ಟೇಷನ್ ಬಿಟ್ಟು ಎಲ್ಲೂ ಸಿಗಲ್ಲ ಅಂತಿದ್ದ ಹೊರೈಜನ್ 2020ರಲ್ಲಿ ಪಿಸಿಗೆ ಬಂತು, ಗಾಡ್ ಆಫ್ ವಾರ್ 2022ರಲ್ಲಿ ಬಂತು, 2024ರ ಫೆಬ್ರುವರಿಯಲ್ಲಿ ಹೆಲ್‌ಡೈವರ್ಸ್ 2 ಎರಡಕ್ಕೂ ಒಂದೇ ದಿನ ಬಂತು. ಅದೇ ಗೇಮಿಗೆ ಪಿಸಿಯೋರೂ ಪಿಎಸ್‌ಎನ್ (ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್) ಅಕೌಂಟ್ ಮಾಡ್ಲೇಬೇಕು ಅಂತ ಮೇ ತಿಂಗಳಲ್ಲಿ ಹೇಳಿದಾಗ ಜನ ಎಷ್ಟು ಗಲಾಟೆ ಮಾಡಿದ್ರು ಅಂದ್ರೆ ಸೋನಿ ಕೆಲವೇ ದಿನದಲ್ಲಿ ಹಿಂದೆ ಸರೀತು. ಪಿಸಿಯವರ ದುಡ್ಡು ಅವರಿಗೆ ಬೇಕು ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳೋದು ಬೇಡ. ಮೈಕ್ರೋಸಾಫ್ಟ್‌ದು ಇನ್ನೂ ಮುಂದೆ ಹೋಗಿದೆ, ಅವರ ಎಲ್ಲಾ ಗೇಮೂ ಪಿಸಿಗೆ ಮೊದಲ ದಿನವೇ ಇರತ್ತೆ, 2025ರ ಏಪ್ರಿಲ್‌ನಲ್ಲಿ ಫೋರ್ಜಾ ಹೊರೈಜನ್ 5 ಪಿಎಸ್5ಗೂ ಹೋಯ್ತು. ಎಷ್ಟು ಎಕ್ಸ್‌ಬಾಕ್ಸ್ ಮಾರಿದೀವಿ ಅಂತ ಹೇಳೋದನ್ನ ಅವರು 2015ರಲ್ಲೇ ಬಿಟ್ರು.

ಹಾಗಂತ ಪಿಸಿ ಕಡೆ ಕೆಲಸ ಸಲೀಸು ಅಂತ ಹೇಳಲ್ಲ. ಪಿಎಸ್5 ಅಂದ್ರೆ ಎಲ್ಲರ ಮನೇಲೂ ಒಂದೇ ಚಿಪ್ಪು, ಹಾಗಾಗಿ ಶೇಡರ್‌ಗಳನ್ನ (ಬೆಳಕು, ಬಣ್ಣ ಹೇಗೆ ಕಾಣಬೇಕು ಅಂತ ಗ್ರಾಫಿಕ್ಸ್ ಚಿಪ್ಪಿಗೆ ಹೇಳೋ ಸಣ್ಣ ಪ್ರೋಗ್ರಾಂಗಳು) ಮೊದಲೇ ಕಂಪೈಲ್ ಮಾಡಿ ಗೇಮ್ ಜೊತೆನೇ ಕಳಿಸ್ತಾರೆ. ಪಿಸಿಯಲ್ಲಿ ಕಾರ್ಡು ಬೇರೆ, ಡ್ರೈವರ್ ಬೇರೆ, ಅದಕ್ಕೆ ನಿಮ್ಮ ಮಷೀನಲ್ಲೇ ಆಗ್ಬೇಕು. ನೀವು ಓಡ್ತಾ ಹೊಸ ಜಾಗಕ್ಕೆ ಹೋದ ತಕ್ಷಣ ಚಿತ್ರ ಒಂದು ಕ್ಷಣ ಗಕ್ಕಂತ ನಿಂತು ಮುಂದೆ ಹೋಗತ್ತಲ್ಲ, ಬಹಳ ಸಲ ಅದು ಅಲ್ಲೇ ಆಗ ಶೇಡರ್ ತಯಾರಾಗ್ತಿರೋದು. 2023ರ ಮಾರ್ಚ್‌ನಲ್ಲಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಮೆನುವಲ್ಲೇ ಕೂತು ಶೇಡರ್ ತಯಾರಾಗೋ ತನಕ ಕಾಯಬೇಕಿತ್ತು. 2015ರಲ್ಲಿ ಬ್ಯಾಟ್‌ಮನ್ ಆರ್ಕಮ್ ನೈಟ್ ಪಿಸಿ ಆವೃತ್ತಿನ ಮಾರಾಟದಿಂದಲೇ ವಾಪಸ್ ತಗೊಂಡಿದ್ರು. ಸಾವಿರಾರು ಕಾಂಬಿನೇಷನ್ ಟೆಸ್ಟ್ ಮಾಡೋ ಹಣೆಬರಹ ಪಿಸಿದು, ಅದು ಹೋಗಲ್ಲ. ಆದ್ರೆ ಸಣ್ಣ ಸ್ಟುಡಿಯೋಗಳಿಗೆ ಪಿಸಿ ಇಲ್ದೆ ಬದುಕೇ ಇಲ್ಲ. ಡೆವ್ ಕಿಟ್ (ಗೇಮ್ ಮಾಡೋರಿಗೆ ಕನ್ಸೋಲ್ ಕಂಪನಿ ಕೊಡೋ ವಿಶೇಷ ಮಷೀನು) ಬೇಡ, ಕಂಪನಿ ಅನುಮತಿಗೆ ಕಾಯೋದು ಬೇಡ, 100 ಡಾಲರ್ ಕಟ್ಟಿ ಸ್ಟೀಮ್‌ನಲ್ಲಿ ಹಾಕಬಹುದು. ಸ್ಟೀಮ್ 30 ಪರ್ಸೆಂಟ್ ಹಿಡ್ಕೊಳತ್ತೆ, ನಿಜ, ಕನ್ಸೋಲ್ ಅಂಗಡಿಗಳೂ ಅಷ್ಟೇ ಹಿಡ್ಕೊಳ್ತವೆ. ಆದ್ರೆ ಪಿಸಿಯಲ್ಲಿ ಎಪಿಕ್‌ನೋರು 2018ರಲ್ಲಿ 12 ಪರ್ಸೆಂಟ್ ಮಾತ್ರ ಹಿಡಿಯೋ ಅಂಗಡಿ ತೆಗೆದ್ರು, ಪ್ಲೇಸ್ಟೇಷನ್ ಒಳಗೆ ಇನ್ನೊಬ್ಬರು ಅಂಗಡಿ ತೆಗೆಯೋಕೆ ಬಿಡಲ್ಲ.

ದಾವಣಗೆರೆ_ಗೇಮರ್:

ಸರ್, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣ ಹೇಳಿದ ಡಿಸ್ಕ್ ಮಾರೋ ವಿಷಯ ನನಗೂ ಮನಸ್ಸಿಗೆ ಬಂತು. ಆದ್ರೆ ಈ ರ‍್ಯಾಮ್ ರೇಟು ಹಿಂಗೇ ಏರ್ತಾ ಹೋದ್ರೆ ಮಾಲೀಕ ಇಲ್ಲ ಅಂತ ಹೇಳಿ ಏನು ಪ್ರಯೋಜನ, ಕೊಳ್ಳೋಕೇ ಆಗ್ಬೇಕಲ್ಲ? ಇನ್ನೊಂದು, ಸ್ಟೀಮ್‌ನಲ್ಲಿ ನಾನು ತಗೊಂಡಿರೋದು ನಿಜವಾಗ್ಲೂ ನನ್ನದಾ?

ಹಳೇಗೇಮ್_ಕಾರ್ಕಳ:

ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ. ಇಲ್ಲ, ಪೂರ್ತಿ ನಿಮ್ಮದಲ್ಲ, ಲೈಸೆನ್ಸ್ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದದ್ದಕ್ಕೆ 2024ರಿಂದ ಸ್ಟೀಮ್‌ನ ಕಾರ್ಟಲ್ಲೇ ಹಾಗೆ ಬರೆದು ಹಾಕಿದ್ದಾರೆ. ಯೂಬಿಸಾಫ್ಟ್‌ನ ದ ಕ್ರೂ 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಆಯ್ತು, ಪಿಸಿಯವರದ್ದೂ ಹೋಯ್ತು, ಡಿಸ್ಕ್ ಇಟ್ಟುಕೊಂಡ ಕನ್ಸೋಲ್‌ನವರದ್ದೂ ಹೋಯ್ತು. ಅದರಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಎದ್ದದ್ದು, ನಾನು ಅದನ್ನು ಮನಸಾರೆ ಬೆಂಬಲಿಸುತ್ತೇನೆ, ಯಾಕಂದ್ರೆ ಜನ ದುಡ್ಡು ಕೊಟ್ಟು ತಗೊಂಡದ್ದನ್ನು ಹಾಗೆ ಕಿತ್ತುಕೊಳ್ಳುವುದು ತಪ್ಪು. ಆದ್ರೆ ಪಿಸಿಯಲ್ಲಿ ಒಂದು ದಾರಿ ಉಂಟು, ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ತಗೊಂಡ್ರೆ ಇನ್‌ಸ್ಟಾಲರ್ ಫೈಲನ್ನೇ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕಲ್ಲಿ ಇಡಬಹುದು, ನಾಳೆ ಆ ಅಂಗಡಿ ಇಲ್ಲದಿದ್ರೂ ಗೇಮ್ ಓಡ್ತದೆ. ನನ್ನ ಹಳೆ ಗೇಮುಗಳನ್ನೆಲ್ಲ ಹಾಗೇ ಇಟ್ಟಿದ್ದೇನೆ. ಪಿಎಸ್3 ಡಿಸ್ಕ್ ಇದ್ದವರು ಅದನ್ನು ಪಿಎಸ್5ಗೆ ಹಾಕಿ ನೋಡ್ಲಿ, ಓಡುವುದಿಲ್ಲ.

ಲ್ಯಾನ್_ಮೈಸೂರು:

ರ‍್ಯಾಮ್ ವಿಷಯ ಗಂಭೀರನೇ. ಎಐ ಡೇಟಾ ಸೆಂಟರ್‌ಗಳಿಗೆ ಮೆಮರಿ ಚಿಪ್ಪೆಲ್ಲ ಹೋಗ್ತಿದೆ, 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ನಮ್ಮಂಥೋರಿಗೆ ಮಾರೋ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತು. ಆದ್ರೆ ಕನ್ಸೋಲ್ ಒಳಗೂ ಅದೇ ಮೆಮರಿ ತಾನೇ ಇರೋದು? ಹಿಂದೆಲ್ಲ ಕನ್ಸೋಲ್ ವರ್ಷ ಕಳೆದಂಗೆ ಅಗ್ಗ ಆಗೋದು, ಈ ಸಲ ಉಲ್ಟಾ. ಪಿಎಸ್5 ಅಮೆರಿಕದಲ್ಲಿ 499 ಇದ್ದಿದ್ದು 2025ರ ಆಗಸ್ಟ್‌ಗೆ 549 ಆಯ್ತು, ನಮ್ಮಲ್ಲಿ 2022ರಲ್ಲೇ 5 ಸಾವಿರ ಏರಿತ್ತು. ಮೈಕ್ರೋಸಾಫ್ಟ್‌ನ ತಿಂಗಳ ಚಂದಾ ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ 2025ರಲ್ಲಿ ಒಂದೇ ಸಲಕ್ಕೆ 20ರಿಂದ 30 ಡಾಲರ್ ಆಯ್ತು. ಮೇಲೆ ಕಾಲ್ ಆಫ್ ಡ್ಯೂಟಿ ಥರದ್ದು ದುಡ್ಡು ಕೊಟ್ಟು ತಗೊಂಡ್ರೂ ಪಿಎಸ್5ನಲ್ಲಿ ಆನ್‌ಲೈನ್ ಆಡೋಕೆ ಪಿಎಸ್ ಪ್ಲಸ್ ಅಂತ ಸೋನಿಗೆ ಬೇರೆ ಚಂದಾ ಕಟ್ಟಬೇಕು, ಪಿಸಿಯಲ್ಲಿ ಆ ಬಾಬ್ತೇ ಇಲ್ಲ.

ನಿಮ್ಮ ಕೇಸಲ್ಲಿ ಹೊಸ ಪಿಸಿ ಕಟ್ಟಿಸೋ ಅಗತ್ಯನೇ ಇಲ್ಲ ಗುರು. ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರೆ ರೈಜನ್ 5600 ಪ್ರೊಸೆಸರ್ ಕೂರತ್ತೆ, ಇರೋ 16 ಜಿಬಿ ಡಿಡಿಆರ್4 ಹಂಗೇ ಇರಲಿ, ಅದನ್ನ ಮುಟ್ಟಬೇಡಿ. ಕಾರ್ಡು ಆರ್‌ಎಕ್ಸ್ 6600 ಇಲ್ಲಾ ಆರ್‌ಟಿಎಕ್ಸ್ 3060 12 ಜಿಬಿ ನೋಡಿ, ಎರಡರಲ್ಲೂ ರೇ ಟ್ರೇಸಿಂಗ್ ಇದೆ, ಎರಡೂ ನಿಮ್ಮ ಬಜೆಟ್ ಒಳಗೇ ಬರತ್ತೆ.

ಧಾರವಾಡ_ಡ್ಯುಯಲ್‌ಸೆನ್ಸ್:

ಇದ್ದ ಮಷೀನ್ ಹಿಂಗ ಸುಧಾರಿಸ್ತದ ಅಂದ್ರ ಹಂಗ ಮಾಡ್ರಿ, ನಾನೂ ಅದನ್ನ ಹೇಳ್ತೇನಿ. ಜಿಟಿಎ ಆಡಬೇಕು ಅನ್ನಿಸಿದ್ರ ಚಿಕ್ಕಪ್ಪನ ಮಗನ ಮನೀಗೆ ಹೋಗ್ರಿ, ಪಿಸಿಗೂ ಒಂದಿನ ಬರ್ತದ.

ದಾವಣಗೆರೆ_ಗೇಮರ್:

ಹಾಗೇ ಮಾಡ್ತೀನಿ. ಮುಂದಿನ ವಾರ ಬೆಂಗಳೂರಿಗೆ ಬರೋದಿದೆ, ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡ್ರೆ ಏನೇನು ನೋಡ್ಬೇಕು?

ಪಾಲಿಗಾನ್_ಬೆಂಗಳೂರು:

ಅಂಗಡಿಯಲ್ಲೇ ಪಿಸಿಗೆ ಹಾಕಿಸಿ ಕಾಲು ಗಂಟೆ ಒಂದು ಭಾರಿ ಗೇಮೋ ಬೆಂಚ್‌ಮಾರ್ಕೋ ಓಡಿಸಿ, ಪರದೆ ಮೇಲೆ ಚುಕ್ಕೆ ಗೆರೆ ಏನಾದ್ರೂ ಬರತ್ತಾ, ಫ್ಯಾನ್ ಕರ ಕರ ಅನ್ನತ್ತಾ ನೋಡಿ. ಬಿಲ್ಲು, ಸೀರಿಯಲ್ ನಂಬರ್ ಎರಡೂ ತಾಳೆ ಆಗ್ಬೇಕು, ವಾರಂಟಿ ಉಳಿದಿದ್ರೆ ಅದನ್ನೇ ತಗೊಳ್ಳಿ. ಹೊರಡೋ ಮುಂಚೆ ನಿಮ್ಮ ಪವರ್ ಸಪ್ಲೈ ಎಷ್ಟು ವಾಟು ಅಂತ ಪಕ್ಕದ ಸ್ಟಿಕ್ಕರ್ ನೋಡಿ ಇಲ್ಲಿ ಹಾಕಿ, 450 ಇದ್ರೆ 6600 ಸಾಕು, 3060 ಆದ್ರೆ 550 ಇರಬೇಕು.